ತಂಬಿಗೆ, ಥ್ರಶ್ ಹಕ್ಕಿ, ಮೆಂತೆ ಹೊಲಿಗೆ: ಮನೆಯಿಂದ ದುಡಿಯುವ ವಿನ್ಯಾಸಕರ ಸ್ಫೂರ್ತಿ

ವಿನ್ಯಾಸಕರು ಎಂಬ ಒಂದೇ ಹೆಸರಿನಡಿ ಇಂದು ಹಲವು ಬಗೆಯ ಕಸುಬುದಾರರು ಸೇರುತ್ತಾರೆ. ಪುಸ್ತಕದ ಮುಖಪುಟ ರೂಪಿಸುವವರು, ಬಟ್ಟೆಗೆ ಚಿತ್ತಾರ ಬರೆಯುವವರು, ಕುರ್ಚಿ ಮೇಜುಗಳ ಆಕಾರ ನಿರ್ಧರಿಸುವವರು, ಮೊಬೈಲ್ ಆ್ಯಪ್‌ನ ಪರದೆಯಲ್ಲಿ ಯಾವ ಗುಂಡಿ ಎಲ್ಲಿರಬೇಕೆಂದು ಯೋಚಿಸುವವರು, ಇವರೆಲ್ಲರ ಕೆಲಸದ ತಿರುಳು ಮಾತ್ರ ಒಂದೇ: ಬಳಸುವವರ ಅಗತ್ಯ, ದೊರೆಯುವ ಸಾಮಗ್ರಿ, ನೋಟದ ಚೆಲುವು ಈ ಮೂರನ್ನೂ ಒಂದು ರೂಪದಲ್ಲಿ ಹೊಂದಿಸುವುದು. 2020ರ ಲಾಕ್‌ಡೌನ್ ನಂತರ ಇಂಥವರಲ್ಲಿ ಬಹಳ ಮಂದಿ ಮನೆಯಿಂದಲೇ ದುಡಿಯತೊಡಗಿದ್ದು, ಸಹೋದ್ಯೋಗಿಗಳ ಮಾತುಕತೆ ಮತ್ತು ಹೊರಗಿನ ಓಡಾಟ ಕಡಿಮೆಯಾದಂತೆ ಹೊಸ ಕಲ್ಪನೆಗಳೂ ಬತ್ತುತ್ತಿವೆ ಎಂಬ ಕೊರಗು ಅವರಿಂದ ಆಗಾಗ ಕೇಳಿಬರುತ್ತದೆ. ಕೊರಗು ಸುಳ್ಳಲ್ಲ. ಆದರೆ ಮನೆಯೇ ಸ್ಫೂರ್ತಿಗೆ ಬರಡು ನೆಲ ಎಂದು ತೀರ್ಮಾನಿಸಿದರೆ, ಆ ತೀರ್ಮಾನ ವಿನ್ಯಾಸದ ಚರಿತ್ರೆಗೆ ಹೊಂದುವುದಿಲ್ಲ.

ತೊಂದರೆಯ ಬೇರು ಬಹುಮಟ್ಟಿಗೆ ಪರದೆಯಲ್ಲಿದೆ. ಕಲ್ಪನೆ ಹೊಳೆಯದಿದ್ದಾಗ ವಿನ್ಯಾಸಕರ ಕೈ ತಾನಾಗಿ ಪಿಂಟರೆಸ್ಟ್‌ನಂಥ ಚಿತ್ರಭಂಡಾರಗಳತ್ತ ಹೋಗುತ್ತದೆ. ಅಲ್ಲಿ ಕಾಣುವುದೆಲ್ಲ ಬೇರೆಯವರು ಬೇರೆ ಅಗತ್ಯಗಳಿಗಾಗಿ ಮುಗಿಸಿಟ್ಟ ಕೆಲಸ. ಹೀಗೆ ಮುಗಿದ ಮಾದರಿಯನ್ನು ಮೊದಲೇ ನೋಡುವುದರ ಪರಿಣಾಮವನ್ನು ಅಮೆರಿಕದ ಡೇವಿಡ್ ಜಾನ್ಸನ್ ಮತ್ತು ಸ್ಟೀವನ್ ಸ್ಮಿತ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದರು. ಚೆಲ್ಲದಂಥ ಕಾಫಿ ಲೋಟವೊಂದನ್ನು ರೂಪಿಸುವಂತೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೇಳಿ, ಹೀರುಗೊಳವೆ ಇರಕೂಡದೆಂಬ ನಿಯಮವನ್ನೂ ವಿಧಿಸಿ, ಕೆಲವರಿಗೆ ಮಾತ್ರ ಹೀರುಗೊಳವೆಯೇ ಇರುವ ಮಾದರಿ ಚಿತ್ರವೊಂದನ್ನು ತೋರಿಸಲಾಯಿತು. ಚಿತ್ರ ನೋಡಿದವರ ರಚನೆಗಳಲ್ಲಿ ನಿಷೇಧಿಸಿದ ಆ ಕೊಳವೆ ಹೆಚ್ಚಾಗಿ ಮರಳಿ ಕಾಣಿಸಿಕೊಂಡಿತು. ಮೊದಲು ಕಂಡ ಮಾದರಿಗೆ, ಅದರ ದೋಷಗಳ ಸಮೇತ, ಮನಸ್ಸು ಅಂಟಿಕೊಳ್ಳುವ ಈ ಪ್ರವೃತ್ತಿಗೆ ಅವರು ಡಿಸೈನ್ ಫಿಕ್ಸೇಶನ್ ಎಂದು ಹೆಸರಿಟ್ಟರು. ದಿನವಿಡೀ ಒಬ್ಬರೇ ಪರದೆಯ ಮುಂದೆ ಕೂರುವವರಿಗೆ ಈ ಅಪಾಯ ಹೆಚ್ಚು, ಏಕೆಂದರೆ ಪಕ್ಕದ ಮೇಜಿನಿಂದ ಎದ್ದುಬಂದು ಇದೇಕೆ ಹೀಗಿದೆ ಎಂದು ಕೇಳುವವರು ಅಲ್ಲಿರುವುದಿಲ್ಲ.

ಮೇಜಿನಿಂದ ಎದ್ದು ನಡೆಯುವುದರಿಂದ ಲಾಭವಿದೆ ಎಂಬುದಕ್ಕೂ ಆಧಾರವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಿಬ್ಬರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕುಳಿತವರಿಗಿಂತ ನಡೆಯುತ್ತಿದ್ದವರಿಗೆ ಹೆಚ್ಚು ಹೊಸ ಕಲ್ಪನೆಗಳು ಹೊಳೆದವು, ಅದೂ ಖಾಲಿ ಗೋಡೆಗೆ ಮುಖಮಾಡಿ ಟ್ರೆಡ್‌ಮಿಲ್ ಮೇಲೆ ನಡೆದಾಗಲೂ. ಒಂದೇ ಸರಿಯುತ್ತರ ಹುಡುಕಬೇಕಾದ ಪ್ರಶ್ನೆಗಳಿಗೆ ನಡಿಗೆಯಿಂದ ಪ್ರಯೋಜನವಾಗಲಿಲ್ಲವೆಂಬುದನ್ನೂ ಗಮನಿಸಬೇಕು. ಕಲ್ಪನೆಗಳನ್ನು ಕೂಡಿಸಲು ಮನೆಯ ಅಂಗಳ ಸಾಕು, ಆರಿಸಲು ಮತ್ತೆ ಕುಳಿತುಕೊಳ್ಳಲೇಬೇಕು.

ಆದರೆ ನಡಿಗೆಗಿಂತ ಮುಖ್ಯವಾದದ್ದು ನೋಟ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವಿನ್ಯಾಸಕ ವಿಲಿಯಂ ಮಾರಿಸ್‌ನ ಕೆಲಸವನ್ನು ಕ್ರಮವಾಗಿ ಗಮನಿಸಿದರೆ, ಮನೆಯ ಸುತ್ತಲಿನ ನಾಲ್ಕಾರು ಸಂಗತಿಗಳೇ ಒಬ್ಬ ಕಲಾವಿದನನ್ನು ದಶಕಗಳ ಕಾಲ ಹೇಗೆ ಪೋಷಿಸಬಲ್ಲವೆಂಬುದು ಸ್ಪಷ್ಟವಾಗುತ್ತದೆ. ಅವನ ಗೆಳೆಯ, ವಾಸ್ತುಶಿಲ್ಪಿ ಫಿಲಿಪ್ ವೆಬ್ ಅವನಿಗಾಗಿ ಕಟ್ಟಿಕೊಟ್ಟ ರೆಡ್ ಹೌಸ್ ಎಂಬ ಮನೆಯ ತೋಟದಲ್ಲಿ ಗುಲಾಬಿ ಬಳ್ಳಿ ಹಬ್ಬಿಸಿದ ಮರದ ಚಪ್ಪರಗಳಿದ್ದವು. 1862ರಲ್ಲಿ ಮಾರಿಸ್ ರಚಿಸಿದ ‘ಟ್ರೆಲ್ಲಿಸ್’ ಎಂಬ ಗೋಡೆಕಾಗದದ ಚಿತ್ತಾರ ಅವುಗಳಿಂದಲೇ ಹುಟ್ಟಿತು. ಅದರಲ್ಲಿರುವ ಹಕ್ಕಿಗಳನ್ನು ಬರೆದವನು ವೆಬ್, ಏಕೆಂದರೆ ಹಕ್ಕಿಗಳನ್ನು ಬಿಡಿಸುವಷ್ಟು ಭರವಸೆ ಮಾರಿಸ್‌ಗೆ ಆಗಿನ್ನೂ ತನ್ನ ಕೈಯ ಮೇಲೆ ಇರಲಿಲ್ಲ. ಮುಂದೆ ಅವನು ಕೆಲ್ಮ್‌ಸ್ಕಾಟ್ ಮ್ಯಾನರ್ ಎಂಬ ಹಳ್ಳಿಮನೆಯನ್ನು ಗುತ್ತಿಗೆಗೆ ಹಿಡಿದಾಗ, ಅಲ್ಲಿನ ಹಿತ್ತಿಲಿನಲ್ಲಿ ಥ್ರಶ್ ಎಂಬ ಚುಕ್ಕೆಯೆದೆಯ ಹಾಡುಹಕ್ಕಿಗಳು ಬಲೆಯಡಿ ನುಸುಳಿ ಸ್ಟ್ರಾಬೆರಿ ಹಣ್ಣು ಕದಿಯುವುದನ್ನು ಕಂಡ. ಆ ನೋಟವೇ 1883ರಲ್ಲಿ ‘ಸ್ಟ್ರಾಬೆರಿ ಥೀಫ್’ ಎಂಬ ಪ್ರಸಿದ್ಧ ಬಟ್ಟೆಯಾಯಿತು. ಈ ಹಕ್ಕಿಗಳನ್ನು ಅವನೇ ಬರೆದ. ಎರಡು ಚಿತ್ತಾರಗಳ ನಡುವೆ ಇಪ್ಪತ್ತೊಂದು ವರ್ಷಗಳ ಅಂತರವಿದೆ, ಆದರೆ ವಸ್ತು ಮಾತ್ರ ಅದೇ: ಮನೆಯ ತೋಟ, ಅಲ್ಲಿಗೆ ಬರುವ ಹಕ್ಕಿ.

ಆ ನೋಟ ಬಟ್ಟೆಯ ಮೇಲೆ ಇಳಿಯಬೇಕಾದರೆ ಕೈಗಳು ಪಟ್ಟ ಶ್ರಮ ಸಣ್ಣದಲ್ಲ. ಇಡೀ ಬಟ್ಟೆಯನ್ನು ನೀಲಿ ಬಣ್ಣದಲ್ಲಿ ಅದ್ದಿ, ಚಿತ್ತಾರ ಬರಬೇಕಾದ ಜಾಗದಲ್ಲಿ ಆ ನೀಲಿಯನ್ನು ರಾಸಾಯನಿಕದಿಂದ ತೆಗೆದು, ಅಲ್ಲಿ ಕೆಂಪು ಹಳದಿಗಳನ್ನು ಒಂದಾದ ಮೇಲೊಂದರಂತೆ ಮರದ ಅಚ್ಚುಗಳಿಂದ ಒತ್ತುವ ಕ್ರಮಕ್ಕೆ ದಿನಗಟ್ಟಲೆ ಸಮಯ ಬೇಕಾಗುತ್ತಿತ್ತು. ನೇಯ್ಗೆಗೂ ಅವನು ಇಂಥದೇ ಶ್ರಮ ಹಾಕಿದ್ದ: 1879ರಲ್ಲಿ ಮಾರಿಸ್ ತನ್ನ ಲಂಡನ್ ಮನೆಯ ಮಲಗುವ ಕೋಣೆಯಲ್ಲೇ ಮಗ್ಗ ಹೂಡಿ, ಹಳೆಯ ಫ್ರೆಂಚ್ ಕೈಪಿಡಿಯೊಂದನ್ನು ಮುಂದಿಟ್ಟುಕೊಂಡು ಚಿತ್ರನೇಯ್ಗೆಯನ್ನು ತಾನೇ ಕಲಿತು, ಮೊದಲ ತುಣುಕಿಗೆ ಐನೂರಕ್ಕೂ ಹೆಚ್ಚು ಗಂಟೆ ಸವೆಸಿದ. ಸ್ಫೂರ್ತಿಯ ಕುರಿತು ಮಾತನಾಡುವಾಗ ಹಕ್ಕಿಯನ್ನು ಕಂಡ ಆ ಕ್ಷಣವನ್ನಷ್ಟೇ ಕೊಂಡಾಡುವುದು ವಾಡಿಕೆ; ಕಂಡದ್ದನ್ನು ಉಳಿಸಿದ್ದು ಬಣ್ಣದ ಕೊಪ್ಪರಿಗೆ ಮತ್ತು ಮಗ್ಗ ಎಂಬುದೂ ಅಷ್ಟೇ ನಿಜ.

ಮನೆಯನ್ನೇ ಕಾರ್ಯಾಗಾರ ಮಾಡಿಕೊಂಡ ಇನ್ನೊಂದು ಜೋಡಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ. 1941ರಲ್ಲಿ ಲಾಸ್ ಏಂಜಲೀಸ್‌ಗೆ ಬಂದ ಅವರು, ತೆಳು ಮರದ ಹಾಳೆಗಳನ್ನು ಅಂಟಿಸಿ ಮಾಡುವ ಪ್ಲೈವುಡ್ಡನ್ನು ಶಾಖ ಮತ್ತು ಒತ್ತಡಗಳಿಂದ ದೇಹದ ಬಾಗಿಗೆ ತಕ್ಕಂತೆ ಬಗ್ಗಿಸುವ ಯಂತ್ರವೊಂದನ್ನು ತಮ್ಮ ಬಾಡಿಗೆ ಫ್ಲ್ಯಾಟಿನಲ್ಲಿಯೇ ಕಟ್ಟಿದರು. ಒತ್ತಡಕ್ಕೆ ಬಳಸಿದ್ದು ಸೈಕಲ್ ಪಂಪು. ಆ ಕಲಿಕೆಯಿಂದ ಮೊದಲು ಯುದ್ಧದ ಗಾಯಾಳುಗಳ ಕಾಲಿಗೆ ಕಟ್ಟುವ ಆಧಾರಪಟ್ಟಿಗಳೂ ಆಮೇಲೆ ಜಗತ್ಪ್ರಸಿದ್ಧ ಕುರ್ಚಿಗಳೂ ಹುಟ್ಟಿದವು. 1949ರಲ್ಲಿ ಅವರು ಕಟ್ಟಿಕೊಂಡ ಮನೆಯಲ್ಲಿ ವಾಸಕ್ಕೊಂದು, ಕೆಲಸಕ್ಕೊಂದು ಎಂಬಂತೆ ಎರಡು ಭಾಗಗಳಿದ್ದವು, ಮತ್ತು ಮುಂದಿನ ಹುಲ್ಲುಗಾವಲನ್ನು ಉಳಿಸಿಕೊಳ್ಳಲೆಂದೇ ಅವರು ಮೊದಲ ನಕ್ಷೆಯನ್ನು ಬದಲಿಸಿದ್ದರು. ಮನೆಯೊಳಗೆ ಆಟಿಕೆ, ಗೊಂಬೆ, ಕಲ್ಲು, ಚಿಪ್ಪುಗಳ ಸಂಗ್ರಹವಿತ್ತು. ಹಳೆಯ ಆಟಿಕೆ ರೈಲುಗಳನ್ನೇ ಪಾತ್ರಗಳಾಗಿಸಿ ಅವರು 1957ರಲ್ಲಿ ಒಂದು ಚಲನಚಿತ್ರವನ್ನೂ ಮಾಡಿದರು.

ಈ ದಂಪತಿ ಭಾರತಕ್ಕೆ ಸಂಬಂಧಿಸಿದಂತೆ ಮಾಡಿದ ಕೆಲಸ ಇಲ್ಲಿ ಹೆಚ್ಚು ಪ್ರಸ್ತುತ. ಭಾರತ ಸರ್ಕಾರದ ಆಹ್ವಾನದ ಮೇಲೆ ದೇಶವನ್ನು ಸುತ್ತಿ 1958ರಲ್ಲಿ ಅವರು ಒಪ್ಪಿಸಿದ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ತಾವು ಭಾರತದಲ್ಲಿ ಕಂಡು ಮೆಚ್ಚಿದ ವಸ್ತುಗಳಲ್ಲಿ ಅವರು ಅತ್ಯುನ್ನತ ಸ್ಥಾನ ಕೊಟ್ಟದ್ದು ಲೋಟಾಕ್ಕೆ, ಅಂದರೆ ಕನ್ನಡದ ಮನೆಗಳ ತಂಬಿಗೆಗೆ. ಅದನ್ನು ಸುಂದರವೆಂದು ಹೊಗಳಿ ಸುಮ್ಮನಾಗದೆ, ಅಂಥದೊಂದನ್ನು ಹೊಸದಾಗಿ ರೂಪಿಸಬೇಕಾದರೆ ಏನೇನು ಕೇಳಿಕೊಳ್ಳಬೇಕಾದೀತೆಂದು ಅವರು ಪಟ್ಟಿ ಮಾಡಿದರು: ಎಷ್ಟು ನೀರು ಹಿಡಿಯಬೇಕು, ಎತ್ತುವ ಕೈ ಯಾರದು, ಹೊರುವುದು ತಲೆಯ ಮೇಲೋ ಸೊಂಟದಲ್ಲೋ, ತುಂಬಿದಾಗ ಮತ್ತು ಖಾಲಿಯಾದಾಗ ತೂಕದ ಕೇಂದ್ರ ಎಲ್ಲಿರುತ್ತದೆ, ಸುರಿಯುವಾಗ ಧಾರೆ ಹೇಗೆ ಬೀಳುತ್ತದೆ, ಒಳಗೆ ತೊಳೆಯಲು ಬರುತ್ತದೆಯೇ, ಕಣ್ಣು ಮುಚ್ಚಿ ಮುಟ್ಟಿದರೆ ಹೇಗನಿಸುತ್ತದೆ, ತಾಗಿದರೆ ಎಂಥ ಸದ್ದು, ಬೆಲೆ ಎಷ್ಟು, ಹಳತಾದ ಮೇಲೆ ಲೋಹಕ್ಕೆ ಏನು ಗತಿ, ಅದನ್ನು ಉಡುಗೊರೆಯಾಗಿ ಕೊಟ್ಟಾಗ ಏನನಿಸುತ್ತದೆ. ಯಾವ ಒಬ್ಬ ವ್ಯಕ್ತಿಯೂ ತಂಬಿಗೆಯನ್ನು ರೂಪಿಸಿರಲಾರನೆಂದೂ, ತಲೆಮಾರುಗಳ ಬಳಕೆಯೇ ಅದನ್ನು ತಿದ್ದಿತೆಂದೂ ಅವರು ಗುರುತಿಸಿದರು.

ಮನೆಯಿಂದ ದುಡಿಯುವ ವಿನ್ಯಾಸಕರಿಗೆ ಇದಕ್ಕಿಂತ ಉತ್ತಮ ಅಭ್ಯಾಸ ಇನ್ನೊಂದಿಲ್ಲ. ಪರದೆಯ ಚಿತ್ರ ಸಿದ್ಧ ಉತ್ತರವನ್ನು ಕೊಡುತ್ತದೆ. ಕೈಗೆ ಸಿಗುವ ವಸ್ತು ಪ್ರಶ್ನೆ ಕೇಳಲು ಎಡೆಮಾಡುತ್ತದೆ, ಏಕೆಂದರೆ ಅದನ್ನು ಎತ್ತಬಹುದು, ಅಳೆಯಬಹುದು, ಬಳಸುವವರನ್ನು ಪಕ್ಕದಲ್ಲೇ ನಿಂತು ನೋಡಬಹುದು. ಉದಾಹರಣೆಗೆ ಈಳಿಗೆಮಣೆಯನ್ನು ತೆಗೆದುಕೊಂಡರೆ, ಚಾಕುವಿನಲ್ಲಿ ಅಲಗು ಚಲಿಸುತ್ತದೆ, ಇಲ್ಲಿ ಅಲಗು ನಿಂತು ತರಕಾರಿ ಚಲಿಸುತ್ತದೆ; ಮಣೆಯನ್ನು ಮೈಭಾರ ಅಥವಾ ಕಾಲು ಅದುಮಿ ಹಿಡಿಯುವುದರಿಂದ ಎರಡೂ ಕೈ ಬಿಡುವಾಗಿರುತ್ತವೆ; ಮತ್ತು ಅಡುಗೆ ನೆಲದಿಂದ ಕಟ್ಟೆಗೆ ಏರಿದೊಡನೆ ಆ ಇಡೀ ಹೊಂದಾಣಿಕೆ ಏಕೆ ಕುಸಿಯಿತೆಂಬ ಪ್ರಶ್ನೆ ಎದ್ದುನಿಲ್ಲುತ್ತದೆ. ಉಪಕರಣವೊಂದು ತಾನು ಹುಟ್ಟಿದ ಭಂಗಿಗೆ ಎಷ್ಟು ಬಿಗಿಯಾಗಿ ಅಂಟಿಕೊಂಡಿರುತ್ತದೆ ಎಂಬ ಈ ಅರಿವು ಆ್ಯಪ್ ರೂಪಿಸುವವರಿಗೂ ಬೇಕು, ಏಕೆಂದರೆ ಬಸ್ಸಿನಲ್ಲಿ ಒಂದು ಕೈಯಿಂದ ಕಂಬ ಹಿಡಿದು ನಿಂತವರ ಹೆಬ್ಬೆರಳು ಪರದೆಯ ಮೇಲಿನ ಮೂಲೆಯನ್ನು ಮುಟ್ಟಲಾರದು.

ಮನೆಯಲ್ಲಿ ಕುಳಿತೇ ವಿನ್ಯಾಸ ಮಾಡುವುದು ಕರ್ನಾಟಕಕ್ಕೆ ಹೊಸತೂ ಅಲ್ಲ. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಇಳಕಲ್ ಸೀರೆಯ ಮೇಲೆ ಹಾಕುತ್ತ ಬಂದಿರುವ ಕಸೂತಿಯಲ್ಲಿ ತೇರು, ಗೋಪುರ, ಆನೆ, ತೊಟ್ಟಿಲು, ತುಳಸಿಕಟ್ಟೆ ಎಲ್ಲವೂ ಬರುತ್ತವೆ. ಅವರ ನಿತ್ಯದ ಕಣ್ಣಳತೆಯ ಜಗತ್ತೇ ಅದರ ವಸ್ತು. ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿ ಸೂಜಿ ಹಾಕುವ ಈ ಕಲೆಯಲ್ಲಿ ಎರಡು ಮುಖಗಳಲ್ಲೂ ಒಂದೇ ರೀತಿ ಕಾಣುವ ಗವಂತಿ, ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರ್ಗಿ, ನೇಯ್ಗೆಯಂತೆ ತೋರುವ ನೇಗಿ, ಕತ್ತರಿಯಾಕಾರದ ಮೆಂತೆ ಎಂಬ ನಾಲ್ಕು ಹೊಲಿಗೆಗಳಿವೆ. ಎಳೆಗಳ ಲೆಕ್ಕ ಬಾಗುವುದಿಲ್ಲವಾದ್ದರಿಂದ ಆನೆಯ ಸೊಂಡಿಲೂ ಮೆಟ್ಟಿಲುಗಳಾಗಿ ಒಡೆಯುತ್ತದೆ, ಆದರೂ ಆನೆ ಆನೆಯಾಗಿಯೇ ಉಳಿಯುತ್ತದೆ. ಏನನ್ನು ಬಿಟ್ಟರೂ ಗುರುತು ಕೆಡದು ಎಂಬ ತೀರ್ಮಾನ ಅಲ್ಲಿ ಪ್ರತಿ ಹೊಲಿಗೆಯಲ್ಲೂ ನಡೆದಿರುತ್ತದೆ. ಇದೇ ತೀರ್ಮಾನವನ್ನು ಆ್ಯಪಲ್ ಕಂಪನಿಯ ಮ್ಯಾಕಿಂಟೋಷ್ ಕಂಪ್ಯೂಟರಿಗಾಗಿ 1983ರಲ್ಲಿ ಸೂಸನ್ ಕೇರ್ ಮಾಡಬೇಕಾಯಿತು. ಉದ್ದಕ್ಕೂ ಅಗಲಕ್ಕೂ 32 ಚೌಕಗಳ, ಅಂದರೆ ಒಟ್ಟು 1024 ಚೌಕಗಳ ಜಾಲದಲ್ಲಿ, ಕಪ್ಪು ಬಿಳುಪಿನಲ್ಲಷ್ಟೇ ಅವರು ಕಸದ ಬುಟ್ಟಿಯಂಥ ನಿತ್ಯವಸ್ತುಗಳನ್ನು ಗುರುತಾಗುವಂತೆ ಮೂಡಿಸಿದರು. ಸೂಜಿಕಸೂತಿ ಮತ್ತು ಮೊಸಾಯಿಕ್ ಕಲೆಗಳಲ್ಲಿ ಮೊದಲೇ ಇದ್ದ ಅನುಭವ ಆ ಕೆಲಸಕ್ಕೆ ಒದಗಿಬಂತೆಂದು ಅವರೇ ಹೇಳಿದ್ದಾರೆ.

ಕಂಪ್ಯೂಟರಿನ ಚಿಹ್ನೆಗಳನ್ನು ರಚಿಸಿದವರ ಹೆಸರು ವಿನ್ಯಾಸದ ಪುಸ್ತಕಗಳಲ್ಲಿ ಸೇರಿತು, ಅದು ನ್ಯಾಯವೇ. ಕಸೂತಿಯ ಆನೆಯನ್ನು ಮೊದಲು ಎಣಿಸಿದ ಕೈಗಳ ಹೆಸರು ಎಲ್ಲಿಯೂ ಇಲ್ಲ, ಮತ್ತು ಆ ಕೆಲಸ ಇಂದಿಗೂ ವಿನ್ಯಾಸವೆನ್ನಿಸಿಕೊಳ್ಳದೆ ಬಿಡುವಿನ ವೇಳೆಯ ಕೈಗೆಲಸವೆಂದೇ ಅಗ್ಗವಾಗಿ ಮಾರಾಟವಾಗುತ್ತದೆ. ಆದ್ದರಿಂದ ಮನೆಯೊಳಗಿನಿಂದ ಸ್ಫೂರ್ತಿ ಪಡೆಯುವ ವಿನ್ಯಾಸಕರು ಬೇರೆ ಮನೆಗಳಲ್ಲಿ ಕುಳಿತು ಇದೇ ಕಸುಬು ನಡೆಸುವವರನ್ನು ಮರೆಯಬಾರದು: ಕಸೂತಿಯ ತೇರನ್ನೋ ಗೋಪುರವನ್ನೋ ತಮ್ಮ ಕೆಲಸಕ್ಕೆ ಎತ್ತಿಕೊಂಡಾಗ ಅದು ಕಸೂತಿಯದೆಂದು ಸ್ಪಷ್ಟವಾಗಿ ಬರೆಯಲಿ, ಸೂಜಿಯ ಕೆಲಸವನ್ನು ಅದನ್ನು ಬಲ್ಲ ಮಹಿಳೆಯರಿಂದಲೇ ಮಾಡಿಸಲಿ, ಮತ್ತು ತಮ್ಮ ಗಂಟೆಗಳಿಗೆ ಕಟ್ಟುವ ಬೆಲೆಯನ್ನೇ ಅವರ ಗಂಟೆಗಳಿಗೂ ಕಟ್ಟಲಿ.