ಆಂಟಿವೈರಸ್ ಕೂಗಿತು, ನಂಬಬೇಕೇ?

2004ರ ಏಪ್ರಿಲ್‌ನಲ್ಲಿ ಜರ್ಮನಿಯ ಬಿಂಗೆನ್ ಊರಲ್ಲಿ ಬ್ರೇಕ್‌ಪಾಯಿಂಟ್ ಎಂಬ ಕಂಪ್ಯೂಟರ್ ಕಲೆಯ ಮೇಳ ನಡೆಯಿತು. ಅದರಲ್ಲಿ ಬಹುಮಾನ ಗೆದ್ದ ಗೇಮ್‌ನ ಹೆಸರು ಕೆಕ್ರೀಗರ್. ಕತ್ತಲು ಕವಿದ ಓಣಿಗಳು, ತುಕ್ಕು ಹಿಡಿದ ಗೋಡೆಗಳು, ಮೂಲೆಯಿಂದ ಎರಗುವ ಜೀವಿಗಳು, ಕೈಯಲ್ಲಿ ಬಂದೂಕು. ಇಷ್ಟೆಲ್ಲ ಇದ್ದ ಆ ಮೂರು ಆಯಾಮದ ಆಟದ ಗಾತ್ರ ಬರೀ 97,280 ಬೈಟ್. ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರವೂ ಎಷ್ಟೋ ಸಲ ಇದಕ್ಕಿಂತ ದೊಡ್ಡದಿರುತ್ತದೆ.

ಅದನ್ನು ಕಟ್ಟಿದವರು ಗೋಡೆಯ ಚಿತ್ರವನ್ನು ಫೈಲಿನಲ್ಲಿ ಇಡಲಿಲ್ಲ, ಗೋಡೆ ಬಿಡಿಸುವ ಸೂತ್ರವನ್ನು ಇಟ್ಟರು. ಆಮೇಲೆ ಎಲ್ಲವನ್ನೂ ಪ್ಯಾಕರ್ ಎಂಬ ಸಾಧನದಿಂದ ಹಿಂಡಿ ಗಂಟು ಕಟ್ಟಿದರು. ಇಂಥ ಪುಟ್ಟ ಕಲಾಕೃತಿಗಳನ್ನು ಇಳಿಸಿಕೊಳ್ಳುವ ಹವ್ಯಾಸಿಗಳಿಗೆ ಆಂಟಿವೈರಸ್‌ನ ಕೆಂಪು ಎಚ್ಚರಿಕೆ ಹಳೆಯ ಪರಿಚಯ. ಏಕೆಂದರೆ ವೈರಸ್ ಬರೆಯುವವರೂ ತಮ್ಮ ಸರಕನ್ನು ಹೀಗೆಯೇ ಗಂಟು ಕಟ್ಟುತ್ತಾರೆ. ಮುಸುಕು ಹಾಕಿಕೊಂಡು ಬಂದವನು ವೇಷಗಾರನೋ ಕಳ್ಳನೋ ಎಂದು ಬಾಗಿಲಲ್ಲಿ ನಿಂತವನಿಗೆ ಮುಸುಕು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ.

ಆಂಟಿವೈರಸ್‌ನ ಕೆಲಸದಲ್ಲಿ ದೊಡ್ಡ ಪಾಲು ಊಹೆಯದು ಎಂಬುದನ್ನು ನಾವು ಮರೆಯುತ್ತೇವೆ. ಹಿಂದೆ ಸಿಕ್ಕಿಬಿದ್ದ ವೈರಸ್‌ನ ಬೆರಳಚ್ಚು ಹೊಂದಿಕೆಯಾದರೆ ಅದು ಗಟ್ಟಿ ಸಾಕ್ಷಿ. ಆದರೆ ದಿನದಿನವೂ ಹೊಸ ರೂಪ ತಾಳುವ ವೈರಸ್‌ಗಳನ್ನು ಹಿಡಿಯಲು ಅದು ನಡೆ, ಹೋಲಿಕೆ, ವಾಸನೆಗಳ ಮೇಲೂ ತೀರ್ಮಾನ ಕೊಡಬೇಕಾಗುತ್ತದೆ. ಹೀಗಾಗಿ ಎಚ್ಚರಿಕೆಯ ಜೊತೆ ಬರುವ ಹೆಸರನ್ನು ಪೂರ್ತಿ ಓದಬೇಕು. ‘ಹ್ಯೂರ್’, ‘ಜೆನ್’ ಎಂದಿದ್ದರೆ ಸಾಮಾನ್ಯ ಲಕ್ಷಣ ನೋಡಿ ಆಡಿದ ಮಾತು. ಮೈಕ್ರೋಸಾಫ್ಟ್ ಡಿಫೆಂಡರ್ ‘ವಾಕಾಟ್ಯಾಕ್’ ಎಂದು ಹೇಳಿ ಬಾಲದಲ್ಲಿ ಆಶ್ಚರ್ಯಸೂಚಕ ಚಿಹ್ನೆ, ‘ಎಂಎಲ್’ ಎಂದು ಸೇರಿಸಿದ್ದರೆ ಅದು ಮಷೀನ್ ಲರ್ನಿಂಗ್‌ನ ಅಂದಾಜು. ‘ಹ್ಯಾಕ್‌ಟೂಲ್’ ಎಂದರೆ ಉಪಕರಣದ ಜಾತಿ ಹೇಳಿದೆ ಅಷ್ಟೆ, ಒಳಗೆ ಕಳ್ಳನಿದ್ದಾನೆ ಎಂದಿಲ್ಲ. ರೆಡ್‌ಲೈನ್, ವಿಡಾರ್‌ನಂಥ ನಿರ್ದಿಷ್ಟ ಕಳ್ಳನ ಹೆಸರನ್ನು ನಾಲ್ಕಾರು ಕಂಪನಿಗಳು ಬೇರೆಬೇರೆಯಾಗಿ ಹೇಳುತ್ತಿದ್ದರೆ ಮಾತ್ರ ವಾದ ಬೆಳೆಸಬೇಡಿ, ಫೈಲನ್ನು ಅಳಿಸಿ.

ಈ ಊಹೆಯಿಂದ ಹೆಚ್ಚು ಪೆಟ್ಟು ತಿನ್ನುವವರು ಹೊಸಬರು. ಪೈಥಾನ್ ಕಲಿತ ವಿದ್ಯಾರ್ಥಿನಿ ಒಂದು ಹಾವಿನಾಟ ಬರೆದು, ಪೈಇನ್‌ಸ್ಟಾಲರ್‌ನಿಂದ ಒಂದೇ ಫೈಲ್ ಮಾಡಿ ಗೆಳತಿಯರಿಗೆ ಕಳಿಸುತ್ತಾಳೆ. ಅವರ ಲ್ಯಾಪ್‌ಟಾಪ್ ಅದನ್ನು ತೆರೆಯುವ ಮೊದಲೇ ಟ್ರೋಜನ್ ಎಂದು ಎತ್ತಿ ಬಿಸಾಡುತ್ತದೆ. ಪೈಇನ್‌ಸ್ಟಾಲರ್ ಪ್ರತಿ ಪ್ರೋಗ್ರಾಂನ ಮುಂದೆ ತನ್ನದೇ ಸಿದ್ಧ ಚಾಲಕ ತುಣುಕನ್ನು ಅಂಟಿಸುತ್ತದೆ. ಕಳ್ಳರೂ ಅದೇ ಸಾಧನ ಬಳಸಿದ್ದರಿಂದ ಆ ತುಣುಕಿಗೇ ಕಳಂಕ ತಟ್ಟಿದೆ. ವರ್ಷವರ್ಷ ಸಾವಿರಾರು ರೂಪಾಯಿ ಕೊಟ್ಟು ಡಿಜಿಟಲ್ ಸಹಿಯ ಪ್ರಮಾಣಪತ್ರ ಕೊಳ್ಳುವ ಶಕ್ತಿ ಅವಳಿಗಿಲ್ಲ. ಕಷ್ಟಪಟ್ಟು ಮಾಡಿದ ಮೊದಲ ಆಟಕ್ಕೆ ಕಳ್ಳನ ಪಟ್ಟ ಬಂದರೆ ಆಗುವ ನೋವು ಸಣ್ಣದಲ್ಲ. ವಿಂಡೋಸ್‌ನ ನೀಲಿ ಸ್ಮಾರ್ಟ್‌ಸ್ಕ್ರೀನ್ ಪರದೆಯಂತೂ ಎಷ್ಟೋ ಸಲ ‘ಈ ಫೈಲಿನ ಪರಿಚಯ ನನಗಿಲ್ಲ’ ಎಂದಷ್ಟೇ ಹೇಳುತ್ತಿರುತ್ತದೆ. ಅದನ್ನು ವೈರಸ್ ಎಂದು ಓದಿಕೊಂಡು ಹೆದರುವವರೇ ಹೆಚ್ಚು.

ದೊಡ್ಡವರೂ ತಪ್ಪಿದ್ದಾರೆ. 2010ರ ಏಪ್ರಿಲ್ 21ರಂದು ಮ್ಯಾಕಫಿ ಆಂಟಿವೈರಸ್‌ನ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಕಡತವನ್ನೇ ವೈರಸ್ ಎಂದು ಹಿಡಿದು ಹಲವು ದೇಶಗಳ ಕಂಪ್ಯೂಟರ್‌ಗಳನ್ನು ಮಲಗಿಸಿತು.

ಅನುಮಾನ ಬಂದಾಗ ಬಹಳ ಜನ ಓಡುವುದು ವೈರಸ್‌ಟೋಟಲ್‌ಗೆ. 2004ರಲ್ಲಿ ಸ್ಪೇನ್‌ನಲ್ಲಿ ಹುಟ್ಟಿ, 2012ರಲ್ಲಿ ಗೂಗಲ್ ತೆಕ್ಕೆಗೆ ಸೇರಿದ ಈ ತಾಣ ಒಂದು ಫೈಲನ್ನು ಸುಮಾರು 70 ಆಂಟಿವೈರಸ್‌ಗಳ ಮುಂದೆ ಇಡುತ್ತದೆ. ಬಹಳ ಉಪಯುಕ್ತ ತಾಣ. ಆದರೆ ಅಲ್ಲಿನ ಅಂಕಿಯನ್ನು ಪರೀಕ್ಷೆಯ ಅಂಕದಂತೆ ಓದುವುದು ತಪ್ಪು. ಎಮ್ಸಿಸಾಫ್ಟ್, ಜಿ ಡೇಟಾದಂಥ ಹಲವು ಕಂಪನಿಗಳು ಬಿಟ್‌ಡಿಫೆಂಡರ್‌ನ ಎಂಜಿನ್ ಬಳಸುತ್ತವೆ. ಆರು ಕಡೆ ಒಂದೇ ಹೆಸರು ಕಂಡರೆ ಅವು ಆರು ಸಾಕ್ಷಿಗಳಲ್ಲ, ಒಬ್ಬನ ಮಾತನ್ನು ಆರು ಬಾಯಲ್ಲಿ ಕೇಳುತ್ತಿದ್ದೀರಿ. ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿ 2010ರಲ್ಲಿ ಬಹಿರಂಗಪಡಿಸಿದ ಒಂದು ಪ್ರಯೋಗವಿದೆ. ಅವರು 20 ನಿರುಪದ್ರವಿ ಫೈಲ್‌ಗಳನ್ನು ತಯಾರಿಸಿ, ಅವುಗಳಲ್ಲಿ 10ಕ್ಕೆ ಬೇಕೆಂದೇ ವೈರಸ್ ಎಂದು ಹೆಸರಿಟ್ಟು ವೈರಸ್‌ಟೋಟಲ್‌ಗೆ ಹಾಕಿದರು. ಹತ್ತು ದಿನ ಕಳೆದು ನೋಡಿದರೆ ಆ ಫೈಲ್‌ಗಳನ್ನು ವೈರಸ್ ಎಂದು ಹಿಡಿಯುವ ಬೇರೆ ಕಂಪನಿಗಳ ಸಂಖ್ಯೆ 14ರವರೆಗೆ ಮುಟ್ಟಿತ್ತು!

ನನಗೆ ಅಂಕಿಗಿಂತ ಹೆಚ್ಚು ನೆರವಾಗುವುದು ಅಲ್ಲಿನ ದಿನಾಂಕ. ಆ ಫೈಲ್ ಮೊದಲ ಬಾರಿ ಅಲ್ಲಿಗೆ ಬಂದದ್ದು ಯಾವಾಗ ಎಂದು ತೋರಿಸುತ್ತಾರೆ. ಹತ್ತು ವರ್ಷದ ಹಳೆಯ ಆಟವೆಂದು ಹೇಳಿ ಕೊಟ್ಟ ಫೈಲ್ ಮೊನ್ನೆಯಷ್ಟೇ ಹುಟ್ಟಿದ್ದರೆ ಯಾರೋ ಅದನ್ನು ಬಿಚ್ಚಿ ಮತ್ತೆ ಕಟ್ಟಿರಬಹುದು. ಆಟ ಮಾಡಿದವರು ತಮ್ಮ ಪುಟದಲ್ಲಿ ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಗುರುತು ಕೊಟ್ಟಿದ್ದರೆ, ನಿಮ್ಮ ಫೈಲಿನ ಗುರುತಿನೊಡನೆ ಹೋಲಿಸಿ ನೋಡಿ. ಒಂದಕ್ಷರ ಬೇರೆಯಾದರೂ ಅದು ಅವರು ಕೊಟ್ಟ ಫೈಲಲ್ಲ. ಅವಸರವಿಲ್ಲದಿದ್ದರೆ ವಾರ ಬಿಟ್ಟು ಮತ್ತೆ ಪರೀಕ್ಷಿಸಿ. ಸುಳ್ಳು ಎಚ್ಚರಿಕೆಗಳು ಸಾಮಾನ್ಯವಾಗಿ ಕಾಲ ಕಳೆದಂತೆ ಕರಗುತ್ತವೆ, ನಿಜವಾದವು ಬೆಳೆಯುತ್ತವೆ. ಅಲ್ಲಿ ಹಾಕಿದ ಫೈಲ್ ಭದ್ರತಾ ಕಂಪನಿಗಳ ಕೈಗೂ ಹೋಗುತ್ತದೆ, ಆದ್ದರಿಂದ ಖಾಸಗಿ ಕಾಗದಪತ್ರ ಹಾಕಬೇಡಿ.

ಇಷ್ಟು ಹೊತ್ತು ಆರೋಪಿಯ ಪರ ಮಾತಾಡಿದೆ. ಈಗ ಇನ್ನೊಂದು ಕಡೆ ನೋಡಬೇಕು.

ಕದ್ದ ಆಟಗಳ ಲೋಕದಲ್ಲಿ ‘ಫಾಲ್ಸ್ ಪಾಸಿಟಿವ್’, ಅಂದರೆ ಸುಳ್ಳು ಎಚ್ಚರಿಕೆ, ಎಂಬ ಮಾತೇ ಕಳ್ಳನ ಕೀಲಿಕೈ. ಆಟದ ಬೀಗ ಒಡೆಯುವ, ಅಂದರೆ ಕ್ರ್ಯಾಕ್ ಮಾಡುವ, ಕೆಲಸವೇ ಹಾಗಿದೆ: ಅಸಲಿ ಡಿಎಲ್‌ಎಲ್ ಕಡತ ಕಿತ್ತು ಬೇರೆಯದನ್ನು ಕೂರಿಸುವುದು, ಓಡುತ್ತಿರುವ ಪ್ರೋಗ್ರಾಂನ ಮೆಮೊರಿಯೊಳಗೆ ಕೈ ಹಾಕಿ ತಿದ್ದುವುದು. ಟ್ರೋಜನ್ ಮಾಡುವುದೂ ಅದನ್ನೇ. ಆದ್ದರಿಂದ ಶುದ್ಧ ಕ್ರ್ಯಾಕ್‌ಗೂ ಎಚ್ಚರಿಕೆ ಬರುತ್ತದೆ, ವಿಷ ಬೆರೆಸಿದ ಕ್ರ್ಯಾಕ್‌ಗೂ ಬರುತ್ತದೆ, ಹೊರಗಿನಿಂದ ಎರಡನ್ನೂ ಬೇರ್ಪಡಿಸಲು ನಮಗೆ ನಿಮಗೆ ಆಗುವುದಿಲ್ಲ. ಜೊತೆಗಿನ ಚೀಟಿಯಲ್ಲಿ ‘ಇನ್‌ಸ್ಟಾಲ್ ಮಾಡುವ ಮುನ್ನ ಆಂಟಿವೈರಸ್ ಆಫ್ ಮಾಡಿ’ ಎಂದು ಬರೆದಿರುತ್ತದೆ. ಮನೆಯ ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆರೆ ಎನ್ನುವ ಅಪರಿಚಿತನ ಮಾತು ಅದು.

ಕ್ರ್ಯಾಕೊನಾಶ್ ಕಥೆ ಕೇಳಿ. 2021ರ ಜೂನ್‌ನಲ್ಲಿ ಅವಾಸ್ಟ್ ಕಂಪನಿ ಇದನ್ನು ಬಯಲಿಗೆಳೆದು, ಚೆಕ್ ಜನಪದದ ಒಂದು ಬೆಟ್ಟದ ಭೂತದ ಹೆಸರಿಟ್ಟಿತು. ಜಿಟಿಎ-5, ಎನ್‌ಬಿಎ 2ಕೆ19ನಂಥ ಆಟಗಳ ಕ್ರ್ಯಾಕ್ ಪ್ರತಿಗಳಲ್ಲಿ ಅಡಗಿ ಜಗತ್ತಿನ 2,22,000ಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೊಕ್ಕಿತ್ತು. ಭಾರತದ್ದೇ 13 ಸಾವಿರಕ್ಕೂ ಹೆಚ್ಚು. ಅದು ಕಂಪ್ಯೂಟರನ್ನು ಸೇಫ್ ಮೋಡ್‌ಗೆ ತಂದು, ಆಂಟಿವೈರಸ್ ಎಚ್ಚರವಿರದ ಹೊತ್ತಿನಲ್ಲಿ ಅದನ್ನೇ ಅಳಿಸಿ, ಮೂಲೆಯಲ್ಲಿ ಹಸಿರು ಟಿಕ್ ಇರುವ ನಕಲಿ ಚಿಹ್ನೆಯನ್ನು ಕೂರಿಸುತ್ತಿತ್ತು. ನೋಡಿದವರಿಗೆ ಎಲ್ಲ ಕ್ಷೇಮ. ಒಳಗೆ ನಮ್ಮ ಕರೆಂಟಿನಲ್ಲಿ ಮೊನೆರೊ ನಾಣ್ಯದ ಗಣಿಗಾರಿಕೆ. ಹೀಗೆ ಅದನ್ನು ಹರಿಬಿಟ್ಟವರು ಗಳಿಸಿದ್ದು 20 ಲಕ್ಷ ಡಾಲರ್‌ಗೂ ಮಿಗಿಲು.

ಎಚ್ಚರಿಕೆ ಬರದಿದ್ದರೆ ಸುರಕ್ಷಿತ ಎನ್ನುವಂತೆಯೂ ಇಲ್ಲ. 2025ರ ಫೆಬ್ರುವರಿಯಲ್ಲಿ ಪೈರೇಟ್‌ಫೈ ಎಂಬ ಆಟ ಸ್ಟೀಮ್ ಎಂಬ ಆಟಗಳ ಅಂಗಡಿಯಲ್ಲೇ ಸುಮಾರು ಒಂದು ವಾರ ಇತ್ತು, ಒಳಗೆ ಮಾಹಿತಿ ಕದಿಯುವ ವಿಡಾರ್ ಇತ್ತು. ಆಡಿದವರಿಗೆ ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಪತ್ರ ಬರೆದು, ವಿಂಡೋಸನ್ನೇ ಹೊಸದಾಗಿ ಹಾಕುವುದನ್ನು ಯೋಚಿಸಿ ಎಂದಿತು. ಅದೇ ವರ್ಷ ಬ್ಲಾಕ್‌ಬ್ಲಾಸ್ಟರ್ಸ್ ಎಂಬ ಆಟ ಜುಲೈನಲ್ಲಿ ಶುದ್ಧವಾಗಿಯೇ ಬಂದು ಆಗಸ್ಟ್ ಕೊನೆಯ ಅಪ್‌ಡೇಟ್‌ನಲ್ಲಿ ವಿಷ ತಂದಿತು. ಕ್ಯಾನ್ಸರ್ ಚಿಕಿತ್ಸೆಗೆಂದು ನೇರಪ್ರಸಾರದಲ್ಲಿ ಹಣ ಕೂಡಿಸುತ್ತಿದ್ದ ಆಟಗಾರನೊಬ್ಬನ ಸುಮಾರು 32,000 ಡಾಲರ್ ಕ್ರಿಪ್ಟೊ ಅದರಲ್ಲಿ ಹೋಯಿತು.

ಈ ಮಾಹಿತಿಗಳ್ಳರು ಕಂಪ್ಯೂಟರ್ ಕೆಡಿಸುವುದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಲಾಗಿನ್ ಆಗಿರುವ ಖಾತೆಗಳ ಕುಕಿಗಳನ್ನು ನಿಮಿಷಗಳಲ್ಲಿ ಬಾಚಿಕೊಂಡು ಹೋಗುತ್ತಾರೆ. ಕುಕಿ ಸಿಕ್ಕರೆ ಎಷ್ಟೋ ಕಡೆ ಒಟಿಪಿಯೂ ಬೇಕಿಲ್ಲ.

ಅಕ್ಕನ ಮಗ ಫೋನ್ ಮಾಡಿದ್ದು ಒಂದು ರಾತ್ರಿ ಎಂಟಕ್ಕೆ. ಕಾರ್ ರೇಸಿನ ಆಟದ ಕ್ರ್ಯಾಕ್ ಪ್ರತಿ, ಚೀಟಿಯ ಮಾತು ಕೇಳಿ ಡಿಫೆಂಡರ್ ಆಫ್ ಮಾಡಿ ಹತ್ತು ನಿಮಿಷ ಓಡಿಸಿದ್ದ. ‘ಮಾಮ, ಫಾಲ್ಸ್ ಪಾಸಿಟಿವ್ ತಾನೇ?’ ಇನ್‌ಸ್ಟಾಲರನ್ನು ವೈರಸ್‌ಟೋಟಲ್‌ಗೆ ಹಾಕಿಸಿ ನೋಡಿದೆ. ಅರ್ಧ ‘ಹ್ಯಾಕ್‌ಟೂಲ್’, ಅರ್ಧ ‘ಜೆನ್’. ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಅದೇ ಲ್ಯಾಪ್‌ಟಾಪ್‌ನಲ್ಲಿ ಅಕ್ಕನ ನೆಟ್‌ಬ್ಯಾಂಕಿಂಗ್ ಇತ್ತು. ಕಳವಾಗಿದೆ ಎಂದೇ ಹಿಡಿದು ಹೊರಟೆವು. ಮೊದಲು ವೈಫೈ ಕಿತ್ತು, ಅಕ್ಕನ ಫೋನಿನಿಂದ ಬ್ಯಾಂಕು, ಇಮೇಲ್‌ಗಳ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿಸಿದೆ. ಹಣ ಹೋಗಿದ್ದು ಕಂಡರೆ ತಕ್ಷಣ 1930ಕ್ಕೆ ಕರೆ ಮಾಡು ಎಂದು ಅಕ್ಕನಿಗೆ ಬರೆದುಕೊಳ್ಳಲು ಹೇಳಿದೆ. ವಿಂಡೋಸ್ ಹೊಸದಾಗಿ ಹಾಕಿ ಮುಗಿದಾಗ ರಾತ್ರಿ ಒಂದೂವರೆ. ಹುಡುಗ ಅಷ್ಟು ಹೊತ್ತೂ ವಿಡಿಯೊ ಕಾಲ್‌ನಲ್ಲಿ ಮಾತಿಲ್ಲದೆ ಕೂತಿದ್ದ. ಕೊನೆಗೆ ಕೇಳಿದ: ‘ಅಸಲಿ ಪ್ರತಿಗೆ ರಿಯಾಯಿತಿ ಯಾವಾಗ ಬರುತ್ತೆ ಮಾಮ?’