ನಿಮಗಿದು ಗೊತ್ತೆ?: ದ್ವಾಪರದ ತಂಡಕ್ಕೆ ತ್ರೇತಾಯುಗದ ವೀರ

2002ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಕಿಂಗ್‌ಡಮ್ ಹಾರ್ಟ್ಸ್’ ವಿಡಿಯೊ ಗೇಮ್‌ನಲ್ಲಿ ನಾಯಕ ಸೋರಾನ ಜೊತೆಗಾರರು ಡಿಸ್ನಿಯ ಡೊನಾಲ್ಡ್ ಡಕ್ ಮತ್ತು ಗೂಫಿ. ತಂಡದಲ್ಲಿ ಮೂವರಿಗಷ್ಟೇ ಜಾಗ. ಅಗ್ರಬಾ ಊರಿಗೆ ಹೋದಾಗ ಈ ಜೊತೆಗಾರರಲ್ಲೊಬ್ಬರನ್ನು ಬಿಟ್ಟು ಅಲ್ಲಾದೀನನನ್ನು, ಕಾಡಿಗೆ ಹೋದಾಗ ಟಾರ್ಜನ್‌ನನ್ನು ಸೇರಿಸಿಕೊಳ್ಳಬಹುದು.

ಬೇರೆ ಕಥೆಯ ಪಾತ್ರ ಹೀಗೆ ಬಂದು ಸೇರುವುದು ಮುಂಬೈಯ ಭಾಂಡುಪ್‌ನ ಕನ್ನಡ ಮಕ್ಕಳಿಗೆ ಹೊಸತೆನಿಸಿದರೆ ಮನೆಯ ಹಿರಿಯರನ್ನು ಕೇಳಲಿ. ಕರಾವಳಿಯವರು ಮುಂಬೈಗೆ ತಮ್ಮೊಡನೆ ತಂದ ಯಕ್ಷಗಾನದಲ್ಲಿ ‘ಶರಸೇತು ಬಂಧನ’ ಎಂಬ ಪ್ರಸಂಗವಿದೆ. ದ್ವಾಪರಯುಗದ ಅರ್ಜುನ ಕಟ್ಟಿದ ಬಾಣದ ಸೇತುವೆಯನ್ನು ತ್ರೇತಾಯುಗದ ರಾಮಾಯಣದ ಹನುಮಂತ ಬಂದು ಮುರಿಯುತ್ತಾನೆ. ಕೃಷ್ಣ ರಾಜಿ ಮಾಡಿಸಿದ ಮೇಲೆ ಹನುಮಂತ ಅರ್ಜುನನ ರಥದ ಧ್ವಜವನ್ನೇ ಏರುತ್ತಾನೆ. ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆಯಲ್ಲಿ ಅರ್ಜುನ-ಹನುಮಂತರ ವಾದವನ್ನು ಕೇಳಲೇಬೇಕು! ‘ಜಾಂಬವತಿ ಕಲ್ಯಾಣ’ದಲ್ಲಂತೂ ರಾಮನ ಬಂಟ ಜಾಂಬವಂತ ಕೃಷ್ಣನೊಡನೆಯೇ ಕಾದಾಡುತ್ತಾನೆ, ಭಾಗವತದ ಲೆಕ್ಕದಲ್ಲಿ 28 ದಿನ.