ಕಂದಕವಿದ್ದಲ್ಲೆಲ್ಲ ಕೋಟೆಯಿರಲಿಲ್ಲ

ಇಂಗ್ಲೆಂಡಿನ ಸಫೋಕ್, ಎಸೆಕ್ಸ್ ಕಡೆಯ ಹೊಲಗಳ ನಡುವೆ ಅಲ್ಲಲ್ಲಿ ಚೌಕಾಕಾರದ ಹಳ್ಳ, ಅದರ ಮಧ್ಯೆ ಹುಲ್ಲು ಬೆಳೆದ ದಿಬ್ಬ ಕಣ್ಣಿಗೆ ಬೀಳುತ್ತವೆ. ಮಧ್ಯಯುಗದ ಇಂಥ ಕಂದಕದ ನೆಲೆಗಳು ಆ ದೇಶದಲ್ಲಿ ಸುಮಾರು 6,000 ಇವೆ.

ತಪ್ಪು ಕಲ್ಪನೆ: ಶತ್ರುಗಳನ್ನು ತಡೆಯಲೆಂದೇ ಕಂದಕ ತೋಡಿದ್ದರು.

ವಾಸ್ತವ: ಕೆಲವು ಕಂದಕಗಳು ನೆಲೆಯನ್ನು ಪೂರ್ತಿ ಸುತ್ತುವರಿಯುವುದೇ ಇಲ್ಲ. ತೆರೆದ ಬದಿಯಿಂದ ಶತ್ರು ಬರಬಾರದೆಂದೇನೂ ಇಲ್ಲವಲ್ಲ! ಇವು ಹೆಚ್ಚಾಗಿ 1250ರಿಂದ 1350ರೊಳಗೆ ಆದವು. ಬಹುತೇಕ ಕಡೆ ಒಳಗಿದ್ದದ್ದು ಭೂಮಾಲೀಕರ ಮನೆ. ದೊಡ್ಡ ದೊರೆಗಳ ಕೋಟೆಗೆ ಕಂದಕವಿದ್ದರೆ ತಮ್ಮ ಮನೆಗೂ ಒಂದಿರಲಿ ಎಂಬ ದೊಡ್ಡಸ್ತಿಕೆಯೇ ಮುಖ್ಯ ಕಾರಣ. ಉಪಯೋಗವೂ ಇತ್ತೆನ್ನಿ: ಜೇಡಿಮಣ್ಣಿನ ಜೌಗು ನೆಲದ ನೀರು ಹಳ್ಳಕ್ಕೆ ಬಸಿಯುತ್ತಿತ್ತು, ತೋಡಿದ ಮಣ್ಣಿನಿಂದ ಮನೆಯ ಜಗತಿ ಎತ್ತರಿಸಬಹುದಿತ್ತು, ಮೀನೂ ಸಾಕಬಹುದಿತ್ತು.

ತಪ್ಪು ಕಲ್ಪನೆ: ಕಟ್ಟಡವೇ ಇಲ್ಲದ ಮೇಲೆ ಕಾಪಾಡುವುದೇನನ್ನು?

ವಾಸ್ತವ: ಕೆಂಟ್ ಪ್ರಾಂತ್ಯದ ಐಟಮ್ ಮೋಟ್‌ನಲ್ಲಿ 14ನೇ ಶತಮಾನದ ಮನೆಯೂ ಸುತ್ತಲಿನ ನೀರೂ ಇಂದಿಗೂ ಇವೆ. ಆದರೆ ಅಂಥವು ವಿರಳ. ಮರದ ಮನೆಗಳು ಎಂದೋ ಅಳಿದವು. ಕಂಬ ನೆಟ್ಟ ಗುಳಿಗಳು, ಅಡಿಪಾಯಗಳು ಹುಲ್ಲಿನಡಿ ಉಳಿದಿವೆ. ನಿಜವಾದ ನಿಧಿ ಇರುವುದು ಕಂದಕದ ತಳದ ಕೆಸರಿನಲ್ಲಿ. ಗಾಳಿ ಸೋಕದ ಆ ಕೆಸರಿನಲ್ಲಿ ಸೇತುವೆಯ ತೊಲೆ, ಪಾದರಕ್ಷೆಯ ಚರ್ಮ, ಧಾನ್ಯದ ಕಾಳು, ಹೂವಿನ ಪರಾಗ ಕೂಡ ಕೊಳೆಯದೆ ಉಳಿಯಬಲ್ಲವು. ತೊಲೆಯ ಬೆಳವಣಿಗೆ ಉಂಗುರಗಳಿಂದ ಮರ ಕಡಿದ ವರ್ಷವನ್ನೇ ಹೇಳಲು ಸಾಧ್ಯವಾಗಬಹುದು. ಹೀಗಾಗಿ ಚೊಕ್ಕ ಮಾಡುವ ಹುಮ್ಮಸ್ಸಿನಲ್ಲಿ ಹೂಳೆತ್ತುವುದು, ಪಕ್ಕದ ಹೊಲ ಬಸಿದು ಕಂದಕವನ್ನು ಒಣಗಿಸುವುದು, ಎರಡೂ ಅನಾಹುತವೇ.

ತಪ್ಪು ಕಲ್ಪನೆ: ರಕ್ಷಿತ ಸ್ಮಾರಕವೆಂದರೆ ಸರ್ಕಾರದ ಸ್ವತ್ತು, ಯಾರು ಬೇಕಾದರೂ ಹೋಗಬಹುದು.

ವಾಸ್ತವ: ಆ 6,000 ನೆಲೆಗಳ ಪೈಕಿ ರಕ್ಷಿತ ಪಟ್ಟಿಯಲ್ಲಿರುವುದು ಒಂದು ಭಾಗ ಮಾತ್ರ. ಪಟ್ಟಿಗೆ ಸೇರಿದರೂ ಜಮೀನು ಮಾಲೀಕರದೇ. ಸಾರ್ವಜನಿಕರಿಗೆ ತಾನಾಗಿ ಪ್ರವೇಶದ ಹಕ್ಕು ಬರುವುದಿಲ್ಲ. ದನ, ಕುರಿ ಮೇಯಿಸಲು ಅಡ್ಡಿಯಿಲ್ಲ. ಅಗೆಯಲು, ಮುಚ್ಚಲು, ಕಟ್ಟಲು ಮಾತ್ರ 1979ರ ಪ್ರಾಚೀನ ಸ್ಮಾರಕ ಕಾಯ್ದೆಯಡಿ ಮೊದಲೇ ಅನುಮತಿ ಪಡೆಯಬೇಕು.

ತಪ್ಪು ಕಲ್ಪನೆ: ಮಾಲೀಕರು ಒಪ್ಪಿದರೆ ಲೋಹಶೋಧಕ ಹಿಡಿದು ಹುಡುಕಬಹುದು.

ವಾಸ್ತವ: ರಕ್ಷಿತ ನೆಲೆಯಲ್ಲಿ ಮಾಲೀಕರ ಒಪ್ಪಿಗೆಯೊಂದೇ ಸಾಲದು. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಲಿಖಿತ ಪರವಾನಗಿ ಇಲ್ಲದೆ ಅಲ್ಲಿ ಲೋಹಶೋಧಕ ಬಳಸುವುದೇ ಅಪರಾಧ.